ಒಂದೇ ಗಂಡಿನ ಹದಿನಾಲ್ಕು ಹಂದಿಗಳು

1996ರಲ್ಲಿ ನಾನು ಕಮಲಾಪುರದಲ್ಲಿ ಹದಿನೈದು ಹಂದಿಗಳ ದೊಡ್ಡಿ ನೋಡಿಕೊಳ್ಳುತ್ತಿದ್ದೆ. ಕಾಗದದ ಮೇಲೆ ನಾನು ಗೃಹಿಣಿ. ಯಜಮಾನರು ವಾರವಿಡೀ ಕಪನೂರಿನ ಒಂದು ಕಾರ್ಖಾನೆಯಲ್ಲಿದ್ದು ಭಾನುವಾರ ಬರುತ್ತಿದ್ದರು. ಹಂದಿಗಳ ಮೇವು, ಹೆರಿಗೆ, ಯಾವ ಗಂಡಿಗೆ ಯಾವ ಹೆಣ್ಣು ಎಂಬ ತೀರ್ಮಾನ ಎಲ್ಲವೂ ನನ್ನದೇ. ಆದ್ದರಿಂದ ತಪ್ಪೂ ನನ್ನದೇ.

ಅದಕ್ಕೆ ಐದು ವರ್ಷ ಮೊದಲು ವಿಲಾಯತಿ ತಳಿಯ ಒಂದು ಬಿಳಿ ಗಂಡು ಮರಿ ತಂದಿದ್ದೆವು. ಅದು ಬೆಳೆದ ರೀತಿಗೆ ಮನಸೋತೆ. ಅದರ ಮಕ್ಕಳನ್ನು ಅದಕ್ಕೇ, ಮೊಮ್ಮಕ್ಕಳನ್ನೂ ಅದಕ್ಕೇ ಕೂಡಿಸಿದೆ. ಬಣ್ಣ ಕಪ್ಪಾದ, ಮೈ ಸಣ್ಣದಾದ ಗಂಡುಮರಿಗಳ ಬೀಜ ತೆಗೆಸಿ ಮಾರಿದೆ. ಕೊನೆಗೆ ಹದಿನಾಲ್ಕು ಹಂದಿಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕಾಣುತ್ತಿದ್ದವು. ಹದಿನೈದನೆಯದು, ತವರೂರು ಕುಸನೂರಿನಿಂದ ಅಣ್ಣ ತಂದುಕೊಟ್ಟ ಕರಿ ಹೆಣ್ಣು. ಬೆನ್ನ ತುಂಬ ಬಿರುಸು ಕೂದಲು. ನೋಡಿದವರು ನಕ್ಕಾರೆಂದು ಹಿಂದಿನ ಬೇಲಿಯ ಹತ್ತಿರ ಕಟ್ಟಿದ್ದೆ.

"ಅಣ್ಣ ಕೊಟ್ಟದ್ದಂತ ಇಟ್ಟೀದಿ. ಇಲ್ಲಂದ್ರ ಅದರ ಮಾರಿ ಯಾರು ನೋಡ್ತಿದ್ರು?" ಎಂದು ಅತ್ತೆ ಚುಚ್ಚುತ್ತಿದ್ದರು.

ಆಷಾಢದ ಒಂದು ಬೆಳಿಗ್ಗೆ ಎರಡು ಬಿಳಿ ಹಂದಿಗಳು ಮುಸುರೆಗೆ ಬಾಯಿ ಹಾಕಲಿಲ್ಲ. ಮೈ ಕೆಂಡ. ಮರುದಿನ ಐದು. ಕಿವಿ, ಹೊಟ್ಟೆ ನೀಲಿಗಟ್ಟಿದವು. ಹಿಂಗಾಲು ಎಳೆಯುತ್ತ ಒಂದರ ಮೇಲೊಂದು ಬಿದ್ದುಕೊಂಡವು. ನಾಲ್ಕನೆಯ ದಿನ ಮೊದಲ ಸಾವು.

ಊರಿನ ಪಶುವೈದ್ಯರು ಬಂದು ರಕ್ತ ತೆಗೆದರು. "ಹಂದಿ ಜ್ವರ ಇದ್ದಂಗದ. ಲಸಿಕಿ ಹಾಕಿಸೀರೇನವ್ವಾ?" ಹಾಕಿಸಿರಲಿಲ್ಲ. ಸ್ವೈನ್ ಫೀವರ್ ಎಂಬ ಈ ವೈರಸ್ ರೋಗ ಬಂದ ಮೇಲೆ ಮದ್ದಿಲ್ಲ. ಸತ್ತವನ್ನು ಸುಣ್ಣ ಸುರಿದು ಹೂಳಲು ಹೇಳಿ, ರಕ್ತದ ಸೀಸೆಗಳನ್ನು ಮಂಜುಗಡ್ಡೆಯ ಫ್ಲಾಸ್ಕಿನಲ್ಲಿಟ್ಟು, ಅಂದೇ ಕಲಬುರಗಿಯ ಪ್ರಯೋಗಾಲಯಕ್ಕೆ ಮುಟ್ಟಿಸಿರೆಂದು ನನ್ನ ಕೈಗೇ ಕೊಟ್ಟರು.

ಬಸ್ಸು ಕಿಕ್ಕಿರಿದಿತ್ತು. "ಏನದ ಯಕ್ಕಾ ಫ್ಲಾಸ್ಕಿನ್ಯಾಗ? ಚಾ ಇದ್ರ ನನಗೂ ಅರ್ಧ ಕಪ್ ಹಾಕ್ರಿ" ಎಂದ ಕಂಡಕ್ಟರ್.

"ಹಂದಿ ರಕ್ತ ಅದರೀ."

"ಯಪ್ಪಾ! ಹಿಂದಿನ ಸೀಟಿಗಿ ನಡೀರಿ. ಇಡೀ ಸೀಟು ನಿಮ್ದೇ."

ಕೂರಲು ಜಾಗ ಸಿಕ್ಕಿತಲ್ಲ, ಅದನ್ನೂ ದೇವಿಯ ದಯೆ ಎಂದುಕೊಂಡೆ. ಅಲ್ಲೇ ಫ್ಲಾಸ್ಕನ್ನು ಎದೆಗವಚಿಕೊಂಡು ಹರಕೆ ಹೊತ್ತೆ: ತಾಯೇ, ಎಲ್ಲವನ್ನೂ ಒಯ್ಯಬೇಡ. ಉಳಿದವುಗಳಲ್ಲಿ ಮೊದಲನೆಯದನ್ನು ನಿನಗೇ ಕೊಡುತ್ತೇನೆ.

ಒಂಬತ್ತು ದಿನಗಳಲ್ಲಿ ಹದಿನಾಲ್ಕೂ ಹೋದವು. ನಾನೂ ಅತ್ತೆಯೂ ಗುಂಡಿ ತೋಡಿ ತೋಡಿ, ಕೊನೆಕೊನೆಗೆ ಅಳುವುದನ್ನೂ ಬಿಟ್ಟಿದ್ದೆವು. ಕರಿ ಹಂದಿಗೂ ಜ್ವರ ಬಂತು. ಮೂರು ದಿನ ನೀರು ಮುಟ್ಟಲಿಲ್ಲ. ಐದನೆಯ ದಿನ ಗಂಜಿ ನೆಕ್ಕಿತು. ಆರನೆಯ ದಿನ ಎದ್ದು ನಿಂತಿತು.

ವರದಿ ತರಲು ಮತ್ತೆ ಕಲಬುರಗಿಗೆ ಹೋದಾಗ ಪ್ರಯೋಗಾಲಯದ ಡಾಕ್ಟರಮ್ಮ ರೋಗ ಅದೇ ಎಂದರು. ಉಳಿದದ್ದು ಯಾವುದು, ಸತ್ತವಕ್ಕೆ ಸಂಬಂಧವೇ ಎಂದು ಕೆದಕಿ ಕೇಳಿದರು. ನಾನು ಎಲ್ಲ ಹೇಳಿದೆ.

"ಮನ್ಯಾಗ ಹಿಟ್ಟಿಗೊಂದು, ಕಾಳಿಗೊಂದು ಸಾಣಿಗಿ ಇರ್ತದಲ್ರೀ. ಎಲ್ಲಕ್ಕೂ ಒಂದೇ ನಡೀತದೇನು?"

"ಹ್ಯಾಂಗ ನಡೀತದ್ರಿ?"

"ನಿಮ್ಮ ಬಿಳೇವು ಹದಿನಾಕೂ ಒಂದೇ ಸಾಣಿಗಿ ಹಿಡ್ಕೊಂಡು ಕುಂತಿದ್ವು."

ಆಮೇಲೆ ಆ ಜರಡಿಯ ಮಾತನ್ನು ಬಿಡಿಸಿ ಹೇಳಿದರು. ಮೈಯೊಳಗೆ ಬಂದ ರೋಗಾಣುವಿನ ಚೂರುಗಳನ್ನು ಹಿಡಿದು, ರೋಗದೊಡನೆ ಹೋರಾಡುವ ಜೀವಕೋಶಗಳಿಗೆ ತೋರಿಸಿಕೊಡುವ ಜೀನ್‌ಗಳಿವೆ. ಅವಕ್ಕೆ ಎಂಎಚ್‌ಸಿ ಎಂದು ಹೆಸರು. ಒಂದೊಂದು ಬಗೆ ಒಂದೊಂದು ಚೂರನ್ನು ಹಿಡಿಯುತ್ತದೆ. ಹಲವು ಕಡೆಯ ರಕ್ತ ಕೂಡಿದ ಹಿಂಡಿನಲ್ಲಿ ಹಲವು ಬಗೆ ಇರುತ್ತವೆ. ತಂದೆಗೇ ಮಗಳನ್ನು ಕೂಡಿಸುತ್ತ ಹೋದರೆ ಒಂದೋ ಎರಡೋ ಉಳಿಯುತ್ತವೆ.

"ಕರೇದು ಇದರಿಂದನೇ ಉಳೀತು ಅಂತ ಒಂದು ಹಂದಿ ನೋಡಿ ಹೇಳಲಾಕ ಬರಂಗಿಲ್ಲ. ಆದ್ರ ಅದನ್ನ ಕೊಯ್ಯಬ್ಯಾಡ್ರಿ. ಆರು ತಿಂಗಳು ಒಂಟಿ ಇಡ್ರಿ, ಮತ್ತ ರಕ್ತ ನೋಡಮು. ಆಮ್ಯಾಗ ಬ್ಯಾರೆ ಊರಿನ ಗಂಡಿಗಿ ಕೂಡಸ್ರಿ."

ಬಸ್ಸಿನಲ್ಲಿ ಹೊತ್ತ ಹರಕೆ ನೆನಪಾಯಿತು. ಉಳಿದದ್ದೇ ಒಂದು, ಹರಕೆಯ ಮೊದಲನೆಯದೂ ಅದೇ. ಕೊಟ್ಟರೆ ದೊಡ್ಡಿ ಬರಿದು, ಕೊಡದಿದ್ದರೆ ದೇವಿಗೆ ಸುಳ್ಳಾಡಿದಂತೆ. ಮನೆಗೆ ಬಂದು ಅತ್ತೆಗೆ ಹೇಳಿದೆ.

"ದೇವೀಗಿ ಮಾತು ಕೊಟ್ಟು ಹಿಂದ ಸರೀತಿ? ಮನಿ ಉಳೀತದೇನ?" ಎಂದರು. ಬಲಿಗೆ ಮಂಗಳವಾರ ಗೊತ್ತುಮಾಡಿದರು.

ಆ ಬೆಳಿಗ್ಗೆ ಹಂದಿಯ ಮೈ ತೊಳೆದೆ. ಜ್ವರದಿಂದೆದ್ದ ಪ್ರಾಣಿ, ಕೈಗೆ ಮೂತಿ ಒತ್ತುತ್ತಿತ್ತು. ಅತ್ತೆ ಅರಿಶಿನ ಕುಂಕುಮ ಹಿಡಿದು ಬಂದು ಅದರ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಹಚ್ಚಲಿಲ್ಲ. ಎಡಗಿವಿ ಹಿಡಿದು ಬೆರಳಾಡಿಸುತ್ತ ಬಹಳ ಹೊತ್ತು ಕೂತರು. ರೋಗದಿಂದ ಕಿವಿಯ ತುದಿ ಕರಕಾಗಿ ಉದುರಿಹೋಗಿತ್ತು. ನಾನೇ ಒಂದು ವಾರದಿಂದ ಬೇವಿನೆಣ್ಣೆ ಹಚ್ಚುತ್ತಿದ್ದೆ.

"ಇದರ ಕಿವಿ ಹರದದ" ಎಂದರು ಅತ್ತೆ. "ಊನ ಇದ್ದದ್ದು ದೇವೀಗಿ ನಡ್ಯಾಂಗಿಲ್ಲ. ಒಯ್ದು ಕಟ್ಟು."

"ಹರಕಿ, ಅತ್ತಿ?"

"ಇದರ ಕಿವಿ ಹರದಾಕಿ ಆ ದೇವೀನೇ ಅಲ್ಲೇನು? ಬ್ಯಾಡಾಗ್ಯಾದ ಆಕೀಗಿ. ಕಟ್ಟು ಅಂದ್ನಲ್ಲ."

ಆ ಕಿವಿ ಅವರಿಗೆ ಆಗ ಕಂಡಿತೋ, ರಾತ್ರಿಯೆಲ್ಲ ದಾರಿ ಹುಡುಕಿ ಕಂಡುಕೊಂಡರೋ, ನಾನು ಕೇಳಲಿಲ್ಲ. ಅವರೂ ಹೇಳದೆಯೇ ತೀರಿಹೋದರು.

ರಕ್ತಪರೀಕ್ಷೆ ಸರಿಬಂದ ಮೇಲೆ ಶರಣಸಿರಸಗಿಯ ಒಂದು ಗಂಡಿಗೆ ಅದನ್ನು ಕೂಡಿಸಿದೆ. ಏಳು ಮರಿ ಹಾಕಿತು; ಎರಡು ಸತ್ತವು, ಐದು ಬದುಕಿದವು. ಲಸಿಕೆಯನ್ನು ಮತ್ತೆಂದೂ ತಪ್ಪಿಸಲಿಲ್ಲ. ಹಂದಿ ಸಾಕಿದಷ್ಟು ವರ್ಷವೂ ಗಂಡನ್ನು ಬೇರೆ ಊರಿನಿಂದಲೇ ತಂದೆ. ನಮ್ಮ ಕಣ್ಣಿಗೆ ಚಂದ ಕಂಡದ್ದನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನು ಅಳಿಸುತ್ತ ಹೋಗುವ ಕೈ ನನ್ನದಾಗಿತ್ತು. ಯಾವ ಕಾಲಕ್ಕೆ ಯಾವುದು ಬೇಕಾದೀತೆಂದು ಆ ಕೈಗೆ ಗೊತ್ತಿರುವುದಿಲ್ಲ. ಇಷ್ಟನ್ನು ಕಲಿಯಲು ನನಗೆ ಹದಿನಾಲ್ಕು ಗುಂಡಿ ಬೇಕಾದವು.