ಮಾವ ತಟ್ಟದೆ ಬಿಟ್ಟ ಪೈಪು

ನನ್ನ ಸೋದರಮಾವನನ್ನು ಪೇಟೆಯವರೆಲ್ಲ ಕರೆಯುವುದು ‘ಟಿಣ್’ ಎಂದು. ಹಳೇ ಸೈಕಲ್ಲುಗಳಿಗೆ ಬೆಲೆ ಕಟ್ಟುವುದು ಅವರ ಕಸುಬು. ಬೆಲೆ ಹೇಳುವ ಮುಂಚೆ ಫ್ರೇಮಿನ ಒಂದೊಂದು ಪೈಪನ್ನೂ ಸಣ್ಣ ಸ್ಪ್ಯಾನರಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಾರೆ. ಗಟ್ಟಿ ಪೈಪು ಟಿಣ್ ಎನ್ನುತ್ತದಂತೆ. ಒಳಗೆ ತುಕ್ಕು ತಿಂದಿದ್ದರೆ, ಎಲ್ಲಾದರೂ ಬೆಸುಗೆ ಬಿದ್ದಿದ್ದರೆ, ಸದ್ದು ಮಂಕಾಗುತ್ತದಂತೆ. ನನಗೆ ಎಲ್ಲವೂ ಒಂದೇ ಥರ ಕೇಳಿಸುತ್ತದೆ. ಹಾಗೆಂದು ಹೇಳಿದರೆ, “ನಿನಗೆ ಕಿವಿ ಇರೋದು ಓಲೆ ಹಾಕ್ಕೊಳ್ಳೋಕೆ ಬಿಡು” ಎನ್ನುತ್ತಾರೆ.

ಮದುವೆಯಾಗಲಿಲ್ಲ. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ವಾಸ. ಮಧ್ಯಾಹ್ನದ ಊಟ ಮಾತ್ರ ಮೊದಲಿನಿಂದಲೂ ಅಕ್ಕನ ಮನೆಯಲ್ಲಿ, ಅಂದರೆ ನಮ್ಮಲ್ಲಿ. ಕಸುಬಿನಲ್ಲಿ ಅವರದೊಂದು ಹಟವಿದೆ: ತಾವು ಹೇಳಿದ ಬೆಲೆಗೆ ಬೇರೆ ಯಾರೂ ಕೊಳ್ಳದಿದ್ದರೆ ತಾವೇ ಕೊಳ್ಳುತ್ತಾರೆ. ಹಾಗೆ ಕೊಂಡ ಸೈಕಲ್ಲುಗಳು ತುಂಬಿ ಕೋಣೆಯಲ್ಲಿ ಅವರು ಒಂದೇ ಮಗ್ಗುಲಿಗೆ ಮಲಗಬೇಕು. ಪೇಟೆಯಲ್ಲಿ ಅವರ ಮಾತಿಗೆ ಬೆಲೆ ಇರುವುದು ಈ ಹಟದಿಂದಲೇ.

ಇಂಥ ಮನುಷ್ಯ ಹದಿಮೂರು ವರ್ಷ ಅಮ್ಮನಿಂದ ಒಂದು ವಿಷಯ ಮುಚ್ಚಿಟ್ಟಿದ್ದರು. ಅದು ಇದ್ದದ್ದು ನಮ್ಮ ಅಪ್ಪನ ಸೈಕಲ್ಲಿನಲ್ಲೇ. ನನಗೆ ಗೊತ್ತಿದ್ದರೆ ಆ ದಿನ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ನಾವು ಮನೆ ಬದಲಾಯಿಸಬೇಕಿತ್ತು. ಹೊಸ ಮನೆ ಎರಡನೇ ಮಹಡಿ, ಸೈಕಲ್ಲಿಗೆ ಜಾಗವಿಲ್ಲ. ಅಪ್ಪ ಲಕ್ವ ಹೊಡೆದು ಹೋದಾಗಿನಿಂದ ಅದು ಗೋಣಿಚೀಲ ಹೊದ್ದು ಮೆಟ್ಟಿಲ ಕೆಳಗೆ ನಿಂತಿತ್ತು. ಎಪ್ಪತ್ತು ವರ್ಷದ ಹಳೇ ಗಾಡಿ, ಕಡ್ಡಿ ಬ್ರೇಕು, ಕಡುಹಸಿರು ಬಣ್ಣ, ಅಂಚಿಗೆ ಚಿನ್ನದ ಗೆರೆ. ಮಾರಿ ಬಂದ ದುಡ್ಡಲ್ಲಿ ಮೋಟಾರಿನ ಹೊಲಿಗೆ ಯಂತ್ರ ಕೊಳ್ಳಬೇಕೆಂದು ಅಮ್ಮನ ಆಸೆ. ಕಾಲಿನ ಯಂತ್ರ ತುಳಿದು ತುಳಿದು ಅವಳ ಮೊಣಕಾಲು ಕೈಕೊಟ್ಟಿತ್ತು.

ಕೊಳ್ಳಲು ಬಂದವರು ಹಲ್ಲಿನ ಡಾಕ್ಟರು. ಹಳೇ ಸೈಕಲ್ ಕೂಡಿಡುವ ಹುಚ್ಚಿನವರು. “ನಾನೂ ತಟ್ಟಿ ನೋಡೋನೇ ಕಣ್ರೀ, ಆದ್ರೆ ನನ್ನ ಗಿರಾಕಿಗಳು ಕಿರುಚ್ತಾರೆ” ಎಂದು ನಕ್ಕು, ಮಾವನತ್ತ ತಿರುಗಿ, “ಮೂಲ ಫ್ರೇಮು, ಮೂಲ ಬಣ್ಣ ಇದ್ರೆ ನೀವು ಹೇಳಿದ್ದೇ ಬೆಲೆ. ನಾನು ಚೌಕಾಸಿ ಮಾಡಲ್ಲ” ಎಂದರು.

ಮಾವ ನಗಲಿಲ್ಲ. ಬೆಳಗ್ಗೆಯೇ, “ಮಾರಲೇಬೇಕಾ ಅಕ್ಕ? ನನ್ನ ಕೋಣೇಲಿ ಇಟ್ಕೋತೀನಿ” ಎಂದಿದ್ದರು. “ನೀನೇ ಅಲ್ಲಿ ಹಿಡಿಸಲ್ಲ, ಸುಮ್ನಿರೋ” ಎಂದು ಅಮ್ಮ ಗದರಿದ್ದಳು. ಈಗ ಅಂಗಳದಲ್ಲಿ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಕೂತರು. ಮುಂದಿನ ಫೋರ್ಕು ತಟ್ಟಿದರು. ಮೇಲಿನ ಪೈಪು ತಟ್ಟಿದರು. ಸೀಟಿನ ಕೆಳಗಿನದು, ಹಿಂದಿನ ನಾಲ್ಕು ಸಣ್ಣವು. ಹಣೆಯಲ್ಲಿ ಬೆವರು. ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡು, ಬೆಲೆ ಹೇಳಲು ಗಂಟಲು ಸರಿಮಾಡಿಕೊಂಡರು.

ಚಿಕ್ಕಂದಿನಿಂದ ನೋಡಿದವಳು ನಾನು. ವಯಸ್ಸಾಯಿತು, ಮರೆತರು ಎಂದುಕೊಂಡೆ. “ಮಾವ, ಕೆಳಗಿನ ದಪ್ಪ ಪೈಪು ಬಿಟ್ಬಿಟ್ರಿ!” ಎಂದೆ, ದೊಡ್ಡ ಜಾಣೆಯ ಹಾಗೆ.

ಮಾವ ನನ್ನನ್ನು ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸ್ಪ್ಯಾನರ್ ಹೊರತೆಗೆದು ತಟ್ಟಿದರು. ಇನ್ನೊಮ್ಮೆ ತಟ್ಟಿದರು.

“ಚೆನ್ನಾಗಿದೆಯಲ್ಲ?” ಎಂದರು ಡಾಕ್ಟರು. ಅವರಿಗೇನೂ ಗೊತ್ತಾಗಿರಲಿಲ್ಲ. ಮಾವ ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಇಲ್ಲ” ಎಂದರು ಮಾವ. “ಇದು ಮುರಿದಿತ್ತು. ಹಿತ್ತಾಳೆ ಬೆಸುಗೆ ಹಾಕಿದ್ದು ನಾನೇ. ಬಣ್ಣಾನೂ ನಂದೇ. ಹಸಿರಿಗೆ ದೀಪದ ಮಸಿ ಬೆರೆಸಿ ಹಳೇದರ ಹಾಗೆ ಮಾಡ್ದೆ.”

ಡಾಕ್ಟರು ಮಂಡಿಯೂರಿ, ಕನ್ನಡಕ ಏರಿಸಿ ಹುಡುಕಿದರು. “ಎಲ್ಲಿ? ಕಾಣೋದೇ ಇಲ್ವಲ್ರೀ!” ಹೊಗಳಿಕೆ ಯಾರಿಗೂ ಬೇಕಿರಲಿಲ್ಲ.

“ಯಾವಾಗ ಮುರೀತು?” ಎಂದಳು ಅಮ್ಮ.

ಮಾವ ಪೈಪಿಗೆ ಹೇಳಿದ ಹಾಗೆ ಹೇಳಿದರು. “ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಭಾವ ಬಿದ್ರು. ಯಾರೂ ಗುದ್ದಿರಲಿಲ್ಲ. ಕಣ್ಣು ಕತ್ತಲೆ ಬಂತು, ಎಡಗೈ ಹಿಡೀಲೇ ಇಲ್ಲ ಅಂದ್ರು. ನಿಮ್ಮಕ್ಕ ಗಾಬರಿ ಬೀಳ್ತಾಳೆ, ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು. ಬ್ರೇಕು ರಿಪೇರಿ ಅಂತ ಮೂರು ದಿನ ಅಂಗಡೀಲಿ ಇಟ್ಕೊಂಡಿದ್ನಲ್ಲ, ಅವಾಗ.”

“ಅವರು ಹೋಗೋದಕ್ಕೆ ಎಷ್ಟು ದಿನ ಮುಂಚೆ?”

“ಎಂಟು ತಿಂಗಳು.”

ಅಮ್ಮ ಗೋಡೆ ಹಿಡಿದು ಮೆಟ್ಟಿಲ ಮೇಲೆ ಕೂತಳು. “ಆಸ್ಪತ್ರೇಲಿ ಕೇಳಿದ್ರು,” ಎಂದಳು, “ಇದಕ್ಕೆ ಮುಂಚೆ ತಲೆ ಸುತ್ತಿ ಎಲ್ಲಾದ್ರೂ ಬಿದ್ದಿದ್ರಾ ಅಂತ. ಇಲ್ಲವೇ ಇಲ್ಲ ಅಂದೆ. ನೀನು ಪಕ್ಕದಲ್ಲೇ ನಿಂತಿದ್ದೆ.”

ಮಾವ ಹೆಬ್ಬೆರಳಿನಿಂದ ಬೆಸುಗೆಯ ಜಾಗ ಒರೆಸಿದರು.

ಡಾಕ್ಟರು ತೊದಲಿದರು. “ನಾನು ಇನ್ನೊಂದಿನ ಬರ್ತೀನಮ್ಮ...”

“ಬೇಡ, ಇವತ್ತೇ ತಗೊಂಡು ಹೋಗಿ. ಏ, ಬೆಲೆ ಹೇಳು” ಎಂದಳು ಅಮ್ಮ, ತಮ್ಮನತ್ತ ತಿರುಗಿ.

ಮಾವ ಹೇಳಿದರು. ಅಮ್ಮ ಅಂದುಕೊಂಡಿದ್ದರ ಅರ್ಧವೂ ಇರಲಿಲ್ಲ. ಇನ್ನಷ್ಟು ಸೇರಿಸಿ ಕೊಡುತ್ತೇನೆಂದು ಡಾಕ್ಟರು ಅಂದಾಗ ಮಾವ ಬೇಡವೆಂದು ತಲೆಯಾಡಿಸಿದರು. “ಮುರಿದದ್ದು ಮುರಿದದ್ದೇ ಸಾರ್.” ನನಗೆ ಸಿಟ್ಟು ಬಂತು. ಆ ಹಟವನ್ನು ಹದಿಮೂರು ವರ್ಷದ ಹಿಂದೆ ತೋರಿಸಬೇಕಿತ್ತು.

ಸೈಕಲ್ ಹೊರಡುವ ಮುಂಚೆ ಅಮ್ಮ ಎದ್ದು ಬಂದು ಮಾವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡಳು. ಮೇಲಿನ ಪೈಪು ತಟ್ಟಿದಳು. ಕೆಳಗಿನದು ತಟ್ಟಿದಳು. ಬಗ್ಗಿ, ಕಿವಿಯಿಟ್ಟು, ಮತ್ತೆ ಎರಡನ್ನೂ.

“ನನಗೆ ಎರಡೂ ಒಂದೇ ಥರ ಕೇಳಿಸುತ್ತೆ ಕಣೋ,” ಎಂದಳು. “ಎಂಟು ತಿಂಗಳು ಅವರು ದಿನಾ ನಿನ್ನ ಅಂಗಡಿ ಮುಂದೇನೇ ಇದನ್ನ ತುಳ್ಕೊಂಡು ಹೋದ್ರು. ನಿನಗೆ ಕೇಳಿಸ್ತಿತ್ತಲ್ಲ.”

ಸ್ಪ್ಯಾನರನ್ನು ಅವರ ಕೈಗಿಟ್ಟು ಒಳಗೆ ಹೋದಳು.

ಅಂದಿನಿಂದ ಮಾವ ಊಟಕ್ಕೆ ಬರುವುದಿಲ್ಲ. ಬರಬೇಡ ಎಂದು ಅಮ್ಮ ಹೇಳಿಲ್ಲ, ಬಾ ಎಂದೂ ಹೇಳಿಲ್ಲ. ಹೊಸ ಮನೆಯ ಎರಡು ಮಹಡಿ ಇಳಿದು ನಾನೇ ಡಬ್ಬಿ ಒಯ್ಯುತ್ತೇನೆ. ಉಪ್ಪು, ಖಾರ ಎಲ್ಲ ಮೊದಲಿನ ಹಾಗೇ, ಅವರಿಗೆ ಹಿಡಿಸುವಷ್ಟೇ. ಮಾವ ಉಂಡು, ಡಬ್ಬಿಯನ್ನು ಫಳಫಳ ತೊಳೆದು ಕಳಿಸುತ್ತಾರೆ. ಅಮ್ಮ ಅದನ್ನು ಇನ್ನೊಮ್ಮೆ ತೊಳೆಯುತ್ತಾಳೆ.