ಊರೆಲ್ಲ ಬ್ಯಾಡ ಅಂದಿತಂತ

ನಮ್ಮ ಗೌರವ್ವ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗ್ಯಾಳ್ರಿ! ಟಿಕೋಟಾದಾಗ ಈ ಪರೀಕ್ಷೆ ದಾಟಿದ ಮೊದಲನೆಯ ಹೆಣ್ಣುಮಗಳು ನನ್ನ ಮೊಮ್ಮಗಳು. ಇವತ್ತಿನ ಪತ್ರಿಕೆಯಲ್ಲಿ ಆಕೆಯ ನಂಬರು ಬಂದಿದೆ. ನಾನು ಕಲಿತದ್ದು ಎರಡನೆಯ ಇಯತ್ತೆ, ಆದರೆ ಅಂಕಿ ಗುರುತು ಹಿಡಿಯುತ್ತೇನೆ.

ಆದರೂ ನಂಬಲಿಲ್ಲ. ಮೋಟಾರು ಹತ್ತಿ ವಿಜಾಪುರಕ್ಕೆ ಹೋದೆ. ಸಾಲಿಯ ಗೋಡೆಗೆ ಹಚ್ಚಿದ ಪಟ್ಟಿಯ ಮೇಲೆ ಬೆರಳಿಟ್ಟು ನೋಡಿ, ಅದೂ ಸಾಲದೆ ಅಲ್ಲಿಯ ಸಿಪಾಯಿಯ ಕೈಲಿ ಓದಿಸಿ, ಸಿದ್ಧೇಶ್ವರ ಗುಡಿಯ ಹತ್ತಿರ ಪೇಡೆ ಕೊಂಡೆ. ಪೇಡೆ ಕಟ್ಟಿಕೊಟ್ಟದ್ದೂ ಪತ್ರಿಕೆಯ ಹಾಳೆಯಲ್ಲೇ. ಆ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮೋಟಾರಿನಲ್ಲಿ ಕೂತಲ್ಲೇ ಹಳೆಯ ಸಿಟ್ಟು ನೆತ್ತಿಗೇರಿತು ನೋಡ್ರಿ. ಸಂತೋಷದ ದಿವಸ ಸಿಟ್ಟು ಯಾಕಂತೀರಿ? ಕೂಡ್ರಿ, ಹೇಳತೇನಿ.

ಏಳೆಂಟು ವರ್ಷದ ಹಿಂದಿನ ಮಾತು, ಯುದ್ಧ ನಡೆದ ಕಾಲ. ಸೀಮೆಎಣ್ಣೆ ಸಿಗದೆ ಊರೆಲ್ಲ ಬೆಳಕಿರುವಾಗಲೇ ಉಂಡು ಮುಗಿಸುತ್ತಿತ್ತು. ಊರಿಗೆ ಬರುತ್ತಿದ್ದದ್ದು ಒಂದೇ ಪತ್ರಿಕೆ, ಗೌಡರ ಮನೆಗೆ, ಅದೂ ಒಂದು ದಿವಸ ತಡವಾಗಿ. ಟಪಾಲಿನ ಭೀಮಣ್ಣ ಅದನ್ನು ಗೌಡರಿಗೆ ಮುಟ್ಟಿಸುವ ಮೊದಲು ಹಣಮಪ್ಪನ ಗುಡಿಕಟ್ಟೆಯ ಮೇಲೆ ಕೂತು ನಮಗೆಲ್ಲ ಓದಿ ಹೇಳುತ್ತಿದ್ದ. ಗೌಡರಿಗೂ ಗೊತ್ತಿತ್ತು. "ನನ್ನ ಪೇಪರ ಊರ ಎಂಜಲಾಗಿ ಬರತೈತಿ" ಅಂತ ನಗುತ್ತಿದ್ದರು.

ಆ ವರ್ಷ ನಮ್ಮ ಮಾಸ್ತರರು ಹುಡುಗರ ಸಾಲಿಯಲ್ಲೇ ಒಂಬತ್ತು ಹುಡುಗಿಯರನ್ನೂ ಕೂಡ್ರಿಸಿದರು. ಅವರಲ್ಲಿ ನಮ್ಮ ಗೌರವ್ವ, ಮಗ್ಗುಲಮನಿ ಮಲ್ಲಪ್ಪನ ಮಗಳು ಶಿವಲಿಂಗವ್ವ. ಇಬ್ಬರಿಗೂ ಒಂದೇ ಕಲ್ಲಿನ ಪಾಟಿ. ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ಬರೆಯುತ್ತಿದ್ದರು. ಬೇಡ ಅನ್ನುವವರು ಊರಲ್ಲಿ ಒಬ್ಬಿಬ್ಬರು ಇದ್ದರು, ಇಲ್ಲ ಅನ್ನಲಾರೆ. ಉಳಿದವರು ಸುಮ್ಮನೇ ಇದ್ದರು.

ಒಂದು ದಿನ ವಿಜಾಪುರದಿಂದ ಟೊಪ್ಪಿಗೆ ಹಾಕಿದ ಪತ್ರಿಕೆಯವನೊಬ್ಬ ಬಂದ. ಮೋಟಾರು ತಿರುಗಿ ಹೊರಡುವ ತನಕ ಮಾತ್ರ ಅವನಿಗೆ ಪುರಸತ್ತು. ನನ್ನ ಕಿರಾಣಿ ಅಂಗಡಿಯ ಮುಂದೆ ಚಾ ಕುಡಿಯುತ್ತ ಐದು ಮಂದಿಯನ್ನು ಕೇಳಿದ. ನಾಲ್ಕು ಮಂದಿ, "ಕಲೀಲಿ ಬಿಡ್ರಿ, ಚಲೋ ಆತು" ಅಂದರು. ಐದನೆಯವ ಒಬ್ಬ ಬಾಯಿಬಡುಕ, "ಹುಡುಗ್ಯಾರೆಲ್ಲ ಸಾಲಿಗಿ ಹ್ವಾದ್ರ ಹತ್ತಿ ಯಾರ ಬಿಡಸಬೇಕ್ರಿ? ಮಾಸ್ತರನ್ನ ಹೊಲಕ್ಕ ಕಳಸೂದಾಕ್ಕೈತಿ!" ಅಂದ. ಎಲ್ಲರೂ ನಕ್ಕರು. ಪತ್ರಿಕೆಯವನೂ ನಕ್ಕ.

ವಾರದ ಮೇಲೆ ಕಟ್ಟೆಗೆ ಬಂದ ಭೀಮಣ್ಣ ಗಂಟಲು ಸರಿಮಾಡಿಕೊಂಡು ಓದಿದ: "ಹೆಣ್ಣುಮಕ್ಕಳ ಶಾಲಾಪ್ರವೇಶಕ್ಕೆ ಟಿಕೋಟಾ ಗ್ರಾಮಸ್ಥರ ಉಗ್ರ ವಿರೋಧ. ಹತ್ತಿ ಬೆಳೆಗೆ ಧಕ್ಕೆ ಒದಗುವುದೆಂದು ಹಿರಿಯರ ಕಳವಳ."

ಕಟ್ಟೆಯ ಮೇಲೆ ಕೂತವರೇ ಆ ಗ್ರಾಮಸ್ಥರು! ಆದರೂ ನೀ ವಿರೋಧ ಮಾಡಿದೆಯಾ, ನೀ ಮಾಡಿದೆಯಾ ಅಂತ ಒಬ್ಬರನ್ನೊಬ್ಬರು ಕೇಳಲಿಲ್ಲ. ಅಚ್ಚಾಗಿ ಬಂದ ಮೇಲೆ ಇರಲೇಬೇಕು. ನಾನಲ್ಲದಿದ್ದರೆ ಉಳಿದವರು ಅಂದಿರಬೇಕು ಅಂತ ಪ್ರತಿಯೊಬ್ಬನೂ ತಿಳಿದ. "ಊರ ಬ್ಯಾಡ ಅಂದೈತಂತ ಅಣ್ಣಾ, ನಾ ಒಬ್ಬನ ಯಾಕ ಎದುರ ಬೀಳ್ಲಿ?" ಅಂದ ಮಲ್ಲಪ್ಪ. ನಾನೂ ಗೋಣು ಹಾಕಿದೆ. ಆ ಹಿರಿಯ ಯಾರೋ, ಭಾಳ ವಿಚಾರವಂತ ಇರಬೇಕು ಅಂತ ಮನಸ್ಸಿನಲ್ಲೇ ಅವನಿಗೆ ಮಾನ ಕೊಟ್ಟೆ. ಎಂಟು ದಿನದಲ್ಲಿ ಒಂಬತ್ತು ಹುಡುಗಿಯರೂ ಮನೆ ಸೇರಿದರು. ಊರಲ್ಲಿ ಇರದ ವಿರೋಧ ಟಪಾಲಿನ ಚೀಲದಲ್ಲಿ ಕೂತು ಊರಿಗೆ ಬಂದಿತ್ತು.

ಎಂಟು ತಿಂಗಳ ಮೇಲೆ ಗೌಡರ ಮನೆಯ ರದ್ದಿ ಪೇಪರು ನನ್ನ ಅಂಗಡಿಗೆ ಬಂತು. ಬೆಲ್ಲ ಕಟ್ಟಲಿಕ್ಕೆ ಹಾಳೆ ಹರಿಯುತ್ತ ಕೂತ ಗೌರವ್ವ, ಓದಲಿಕ್ಕೆ ಬೇರೆ ಏನೂ ಇಲ್ಲದೆ, ಸಾಲಿಯಲ್ಲಿ ಕಲಿತಷ್ಟು ಅಕ್ಷರ ಕೂಡಿಸಿ ಕೂಡಿಸಿ ಅವನ್ನೇ ಗಟ್ಟಿಯಾಗಿ ಓದುತ್ತಿದ್ದಳು. ಹತ್ತಿಯ ಮಾತು ಬಂತು. ಜೋಳ ಹಸನು ಮಾಡುತ್ತಿದ್ದ ನನ್ನ ಹೆಂಡತಿ ನೀಲವ್ವ ಮೊರ ಕೆಳಗಿಟ್ಟಳು.

"ಏನಂದಿ? ಇನ್ನೊಮ್ಮಿ ಓದ."

ಗೌರವ್ವ ಓದಿದಳು.

"ಅಯ್ಯ, ಇದು ನಿಮ್ಮ ಚಾಷ್ಟಿ ಮಾತಲ್ಲೇನ್ರಿ? ಆ ಟೊಪ್ಪಿಗ್ಯಾವ ಚಾ ಕುಡಿಯೂ ಮುಂದ ಹಲ್ಲ ಕಿಸಕೊಂಡ ಅಂದಿದ್ರಿ. ಇಕಿನ್ನ ಸಾಲಿ ಬಿಡಿಸಿದ್ದು ನಿಮ್ಮ ಬಾಯಿನ!"

ಹೌದ್ರಿ, ಆ ಐದನೆಯ ಬಾಯಿಬಡುಕ ನಾನೇ. ನನ್ನ ಮಾತಿಗೆ ಪತ್ರಿಕೆಯವರು ಕೋಟು ರುಮಾಲು ತೊಡಿಸಿ ತಂದು ನಿಲ್ಲಿಸಿದ್ದಕ್ಕೆ ನಾನೇ ಎದ್ದು ಕೈ ಮುಗಿದಿದ್ದೆ.

ಮರುದಿನ ಗೌರವ್ವನ ಕೈಹಿಡಿದು ಸಾಲಿಗೆ ಬಿಟ್ಟು, ನೆಟ್ಟಗೆ ವಿಜಾಪುರದ ಅವರ ಕಚೇರಿಗೆ ಹೋದೆ. ಅದೇ ಟೊಪ್ಪಿಗೆಯವ ಕೂತಿದ್ದ.

"ನಾಕ ಮಂದಿ ಹೌದ ಅಂದದ್ದು ಎಲ್ಲಿ ಹೋತ್ರಿ?"

"ಹುಡುಗ್ಯಾರ ಕಲೀಲಿ ಅನ್ನೂದು ಸುದ್ದಿ ಅಲ್ಲ, ಯಜಮಾನ್ರ. ಬ್ಯಾಡ ಅಂದ್ರ ಸುದ್ದಿ."

"ಹಂಗಾದ್ರ ತಪ್ಪಾತಂತ ಬರೀರಿ."

"ಈಗ ಅದು ಹಳೇದಾತ್ರಿ" ಅಂದು ಪೆನ್ನಿನ ಟೋಪಿ ತಿರುಗಿಸಿದ.

ಹಳೇದಂತ! ಕಟ್ಟೆಯ ಮೇಲೆ ನಿಂತು ನನ್ನ ತಪ್ಪು ನಾನೇ ಒಪ್ಪಿಕೊಂಡೆ. ನಾಲ್ಕು ಹುಡುಗಿಯರು ತಿರುಗಿ ಸಾಲಿಗೆ ಬಂದರು. ಶಿವಲಿಂಗವ್ವ ಬರಲಿಲ್ಲ. ಮನೆಯಲ್ಲಿ ಸುಮ್ಮನೆ ಕೂತಾಳಂತ ಆಕೆಯನ್ನು ಅಷ್ಟರಲ್ಲೇ ಬಬಲೇಶ್ವರಕ್ಕೆ ಮದುವೆ ಮಾಡಿ ಕೊಟ್ಟಾಗಿತ್ತು. ಆ ಹಾಳೆಯಲ್ಲಿ ನಾನು ಬೆಲ್ಲ ಕಟ್ಟಿ ಮಾರಿದೆ. ಆ ಹುಡುಗಿಯ ಸಾಲಿಯ ವರ್ಷಗಳನ್ನು ಯಾವ ಹಾಳೆಯಲ್ಲಿ ಕಟ್ಟಿಕೊಡುತ್ತಾರೆ? ಒಂದು ನಗೆಮಾತಿಗೆ ಊರನ್ನೇ ಸಾಕ್ಷಿ ನಿಲ್ಲಿಸುವ ಹಕ್ಕು ಇವರಿಗೆ ಕೊಟ್ಟವರ್ಯಾರು? ಕೇಳದೆ ಗೋಣು ಹಾಕುವ ಗೋಣು ನಮಗೆ ಕೊಟ್ಟವರ್ಯಾರು?

ಇವತ್ತು ಸಂಜೆ ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ಮಲ್ಲಪ್ಪನನ್ನೂ ಎಳೆದುಕೊಂಡು ಬಂದಿದ್ದೆ. ನೀಲವ್ವ ನಾಲ್ಕನೆಯ ಹೋಳಿಗೆ ತಂದಾಗ ನಾನು, "ಬ್ಯಾಡ, ಸಾಕು" ಅಂದೆ.

"ಅಜ್ಜಾ, ಸುಮ್ಮನ ಹಾಕಿಸ್ಕೊ" ಅಂದಳು ಗೌರವ್ವ. "ಹೊರಗ ಯಾವನರೆ ಟೊಪ್ಪಿಗ್ಯಾವ ನಿಂತಿದ್ರ, ಟಿಕೋಟಾದವರಿಂದ ಹೋಳಿಗಿಗೆ ಉಗ್ರ ವಿರೋಧ ಅಂತ ಬರೀತಾನ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮಲ್ಲಪ್ಪ ನಗಲಿಕ್ಕೆ ಹೋಗಿ ತಲೆ ಬಗ್ಗಿಸಿದ. ಗೌರವ್ವ ಅದನ್ನು ನೋಡಿದಳು.

"ಆಯಿ, ಶಿವಲಿಂಗಿಗಿ ಒಂದ ನಾಕ ತಗದಿಡ. ನಾಳಿ ಬಬಲೇಶ್ವರಕ್ಕ ಹೋಗತೇನಿ. ನಾ ಪಾಸಾದದ್ದು ಆಕಿ ಪೇಪರಿನಿಂದ ತಿಳಕೋಳೂದು ಬ್ಯಾಡ, ನನ್ನ ಬಾಯಿಂದನ ಕೇಳ್ಲಿ. ನಮ್ಮ ಪಾಟಿನೂ ಒಯ್ಯತೇನಿ."

ಮಲ್ಲಪ್ಪ ಮೆಲ್ಲಗೆ ಗೋಣೆತ್ತಿದ. "ಮುಂಜಾನೆ ನಾನ ಬಂಡಿ ಹೂಡತೇನಿ, ಯವ್ವಾ."

ನೀಲವ್ವ ಹೋಳಿಗೆ ಹಿಡಿದುಕೊಂಡು ಇನ್ನೂ ನನ್ನ ಮುಂದೆಯೇ ನಿಂತಿದ್ದಳು. ನಾನು ತಾಟು ಮುಂದೆ ಸರಿಸಿದೆ.

"ಹಾಕ ಬೇ" ಅಂದೆ. "ನಾ ಬ್ಯಾಡ ಅಂದಿಲ್ಲ."