ಅತ್ತೆಯ ಜರ್ಮನ್ ಬೆಳ್ಳಿ

ನನ್ನ ತವರು ಇಸಳೂರು. ಕೊಟ್ಟದ್ದು ಬನವಾಸಿ ಕಡೆಯ ಹಳ್ಳಿಗೆ, ಅರವತ್ತನೇ ಇಸವಿಯ ಆಚೆ ಈಚೆ. ಮದುವೆಯಲ್ಲಿ ಅಪ್ಪ ಅಳಿಯನಿಗೆ ಬೆಳ್ಳಿ ಕರಡಿಗೆ ಕೊಟ್ಟಿದ್ದ. ಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಡಬ್ಬಿ ಅದು. ಅದು ಖರೆ ಬೆಳ್ಳಿಯೋ ಅಲ್ಲವೋ ಎಂದು ಅತ್ತೆಗೆ ಅನುಮಾನ ಬಂದದ್ದು ನಾಗರ ಪಂಚಮಿ ಹತ್ತಿರ ಬಂದಾಗ. ಪಂಚಮಿಗೆ ಹೊಸ ಸೊಸೆ ತವರಿಗೆ ಹೋಗುತ್ತಾಳೆ, ಸೆಗಣಿ ಬಾಚುವವರು ಯಾರು? ಅನುಮಾನವೂ ಹೊತ್ತು ನೋಡಿಯೇ ಹುಟ್ಟುತ್ತದೆ.

ನಮ್ಮ ಮನೆಯವರು ಮಿಂದು, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕೂತಾಗ ಮಾತ್ರ ಕರಡಿಗೆ ಖಾಲಿ. ಅಷ್ಟರಲ್ಲೇ ಅತ್ತೆಯ ಪರೀಕ್ಷೆ ಮುಗಿಯಬೇಕು. ಬೂದಿ ಹಚ್ಚಿ ತಿಕ್ಕಿದರು. ಕಚ್ಚಿ ನೋಡಿದರು. ಹಲ್ಲು ಅಲುಗಿತೇ ಹೊರತು ಬೆಳ್ಳಿ ಏನೂ ಹೇಳಲಿಲ್ಲ. ಕಡೆಗೆ ಒರಳಿನ ಅಂಚಿಗೆ ಬಡಿದರು. ಟಪ್ ಎಂದಿತು. ತಮ್ಮ ಅಣ್ಣ ಹುಬ್ಬಳ್ಳಿಯಿಂದ ತಂದುಕೊಟ್ಟ ಲೋಟ ಬಡಿದರು. ಖಣ್ ಎಂದಿತು. ಡಬ್ಬಿ ಬಡಿದರೆ ಡಬ್ಬಿಯ ಸಪ್ಪಳ ಬರದೆ ಗಂಟೆಯದು ಬಂದೀತೇ?

“ನಮ್ಮಣ್ಣಂದು ಜರ್ಮನ್ ಬೆಳ್ಳಿ. ನಿಮ್ಮಪ್ಪಂದು ಎಲ್ಲೀದು?”

“ಶಿರಸೀದ್ರಿ.”

ಜರ್ಮನ್ ಬೆಳ್ಳಿಯಲ್ಲಿ ಬೆಳ್ಳಿ ಇರುವುದು ಹೆಸರಿನಲ್ಲಿ ಮಾತ್ರ, ಒಳಗೆಲ್ಲ ತಾಮ್ರದ ಕಲಬೆರಕೆ, ಬೆಲೆಯೂ ಅಗ್ಗ. ಅತ್ತೆಗೆ ಅದು ಹಡಗು ಹತ್ತಿ ಬಂದ ಮೇಲ್ತರದ ಬೆಳ್ಳಿ. ನಿಮ್ಮಪ್ಪ ಬಂದು ಖರೆ ಎಂದು ತೋರಿಸುವ ತನಕ ಪಂಚಮಿಯೂ ಇಲ್ಲ, ಜೋಕಾಲಿಯೂ ಇಲ್ಲ ಎಂದುಬಿಟ್ಟರು. ಅಪ್ಪನಿಗೆ ಆ ಮಾತು ಮುಟ್ಟಿದ್ದರೆ ಮತ್ತೆ ಆ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ, ನನಗೂ ತವರು ತಪ್ಪುತ್ತಿತ್ತು.

ನಾನೇ ಹುಳಿ ಮಜ್ಜಿಗೆ ತಂದೆ. ತಾಮ್ರ ಇದ್ದರೆ ಹುಳಿಗೆ ಕಿಲುಬು ಏಳುತ್ತದೆ. ಪಾತ್ರೆ ತೊಳೆಯುವವಳಿಗೆ ಇದನ್ನು ಶಾಲೆಯಲ್ಲಿ ಕಲಿಸಬೇಕಾಗಿಲ್ಲ. ಲೋಟದ ತುಂಬ ಮಜ್ಜಿಗೆ ಹೊಯ್ದೆ, ಕರಡಿಗೆಯನ್ನು ಮಣ್ಣಿನ ಕುಡಿಕೆಯ ಮಜ್ಜಿಗೆಯಲ್ಲಿ ಮುಳುಗಿಸಿದೆ. ನಮ್ಮ ಮನೆಯವರು ಅವತ್ತು ಲಿಂಗವನ್ನು ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡರು. ಅವ್ವ ಎನ್ನಲಿಲ್ಲ, ಹೆಂಡತಿ ಎನ್ನಲಿಲ್ಲ. ಅವರ ಬಾಯಿ ತೆರೆಯುತ್ತಿದ್ದದ್ದು ಮಂತ್ರಕ್ಕೆ ಮತ್ತು ರೊಟ್ಟಿಗೆ.

ಮರುದಿನ ಕರಡಿಗೆ ಹಾಕಿದ ಹಾಗೇ ಇತ್ತು. ಲೋಟದ ಒಳಗೆ ಹಸಿರು ಕಿಲುಬು. ಅತ್ತೆ ಬಹಳ ಹೊತ್ತು ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಪರದೇಶದ್ದು ನೋಡು, ನಮ್ಮ ಮಜ್ಜಿಗಿ ಅದಕ್ಕ ಒಗ್ಗಲಿಲ್ಲ. ನಿಮ್ಮಪ್ಪಂದು ಹಳ್ಳಿ ಬೆಳ್ಳಿ, ಏನ್ ಹೊಯ್ದರೂ ತಡಕೋತೈತಿ.”

“ಹೌದ್ರಿ ಅತ್ತಿ.”

ಖರೆ ಎಂದು ಒಪ್ಪಿದಂತಾಯಿತು, ಸೋತಂತೆಯೂ ಆಗಲಿಲ್ಲ. ಪಂಚಮಿಗೆ ಕಳಿಸಿದರು. ಹೋಗುವಾಗ ಒಂದು ಮಾತು ಹೇಳಿ ಕಳಿಸಿದರು: ದೀಪಾವಳಿಗೆ ಅಳಿಯನಿಗೆ ತಾಟು ಕೊಡುವುದಾದರೆ ಈ ಸಲವಾದರೂ ಜರ್ಮನ್ ಬೆಳ್ಳಿಯದೇ ಕೊಡಬೇಕಂತೆ.

ಅಪ್ಪನಿಗೆ ಹೇಳಿದೆ. ಎರಡನೇ ಸಲ ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ಹೆಗಲಿಗೆ ಟವಲು ಹಾಕಿ, ಅತ್ತೆ ಮನಸ್ಸು ಬದಲಿಸುವ ಮೊದಲು, ಶಿರಸಿ ಪೇಟೆಗೆ ಹೊರಟೇಬಿಟ್ಟ.